ನಿದ್ದೆಯ ಡಾಕ್ಟರಮ್ಮ

ಅವರ ಅಂಗೈ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಅದಕ್ಕೇ ರೋಗಿಯನ್ನು ಮುಟ್ಟುವ ಮೊದಲು, ಚಳಿಗೆ ಒಲೆ ಮುಂದೆ ಕೂತವರ ಹಾಗೆ, ಎರಡೂ ಕೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಗದ್ವಾಲಿನ ಆಸ್ಪತ್ರೆಯೊಂದರ ಐಸಿಯುನಲ್ಲಿ ಅರಿವಳಿಕೆ ಡಾಕ್ಟರು. ನಾವು ನಾರಾಯಣಪೇಟೆಯವರು ಇಟ್ಟ ಹೆಸರು ನಿದ್ದೆಯ ಡಾಕ್ಟರಮ್ಮ. ಅದು ಕಿವಿಗೆ ಬಿದ್ದಾಗ ಅವರು ಸಿಟ್ಟಾಗಲಿಲ್ಲ. "ಮಲಗಿಸೋದು ಏನ್ ದೊಡ್ಡದಲ್ರಿ. ಎಬ್ಬಿಸೋದು ಐತಲ್ಲ, ಅದು ಕೆಲಸ" ಅಂದರು. ಸ್ವಂತ ಊರು ಮಕ್ತಲ್ ಕಡೆ. ನರ್ಸುಗಳನ್ನು ತೆಲುಗಿನಲ್ಲಿ ಗದರಿಸುತ್ತಲೇ ನಮ್ಮ ಜೊತೆ ಕನ್ನಡಕ್ಕೆ ಹೊರಳುತ್ತಿದ್ದರು.

ಅಪ್ಪ ಸೀರೆ ನೇಯುವವರು. ನ್ಯುಮೋನಿಯಾ ಜೋರಾಗಿ ಉಸಿರಾಟದ ಯಂತ್ರಕ್ಕೆ ಹಾಕಿದ್ದರು. ಗಂಟಲಲ್ಲಿ ಕೊಳವೆ, ರಕ್ತಕ್ಕೆ ನಿದ್ದೆಯ ಔಷಧಿ. ದಿನಾ ಬೆಳಿಗ್ಗೆ ಡಾಕ್ಟರಮ್ಮ ಆ ಔಷಧಿ ನಿಲ್ಲಿಸಿ ನೋಡುವರು. ಅಪ್ಪ ಎಚ್ಚರಾಗಿ, ಹೇಳಿದ್ದು ಕೇಳಿ ಸುಮ್ಮನಿದ್ದರೆ ಕೊಳವೆ ತೆಗೆಯಬಹುದಿತ್ತು. ಆದರೆ ನರ್ಸ್ ಹೆಸರು ಹಿಡಿದು ಕೂಗಿದೊಡನೆ ಅಪ್ಪ ಬೆದರಿ ಕೊಳವೆಗೆ ಕೈ ಹಾಕುತ್ತಿದ್ದರು. ಮತ್ತೆ ಔಷಧಿ, ಮತ್ತೆ ನಿದ್ದೆ. ಪಾಪ, ಮಲಗಲಿ ಬಿಡಿ ಎಂದು ನೆಂಟರು. ಹೀಗೇ ಮಲಗಿದರೆ ಕೈಕಾಲಷ್ಟೇ ಅಲ್ಲ, ಉಸಿರಾಡುವ ಶಕ್ತಿಯೂ ಹೋಗುತ್ತದೆ ಎಂದು ಡಾಕ್ಟರಮ್ಮ. ನನಗೆ ಎಲ್ಲರ ಮೇಲೂ ಸಿಟ್ಟಿತ್ತು. ಸಿಟ್ಟಿಗಿಂತ ಭಯ ಹೆಚ್ಚಿತ್ತು.

ಒಂದು ಬೆಳಿಗ್ಗೆ ಅವರು ಅವ್ವನನ್ನೂ ನನ್ನನ್ನೂ ಒಳಗೆ ಕರೆದರು. ಅಪ್ಪನನ್ನು ಹೆಸರು ಹೇಳಿ ಮೆಲ್ಲಗೆ ಕರೆಯಲು ನರ್ಸ್ ಅವ್ವನಿಗೆ ಹೇಳಿದಳು. ಅವ್ವ ಸೆರಗು ಬಾಯಿಗೊತ್ತಿಕೊಂಡು ನಿಂತಳು. ಗಂಡನ ಹೆಸರನ್ನು ಆಕೆ ಜನ್ಮದಲ್ಲಿ ಹೇಳಿದವಳಲ್ಲ.

"ಹೆಸರು ಬ್ಯಾಡ ಬಿಡವ್ವ," ಅಂದರು ಡಾಕ್ಟರಮ್ಮ. "ಮನ್ಯಾಗ ಹೆಂಗ ಎಬ್ಬಸ್ತಿ, ಹಂಗ ಎಬ್ಬಸು."

ಅವ್ವ, ಒಳಗೆ ಬರುವಾಗ ತನಗೆ ತೊಡಿಸಿದ್ದ ಆಸ್ಪತ್ರೆಯ ಗೌನಿನ ತೋಳು ಮೇಲೇರಿಸಿ ಅಪ್ಪನ ಕಿವಿಯ ಹತ್ತಿರ ಬಳೆ ಅಲುಗಾಡಿಸಿದಳು. ಮನೆಯಲ್ಲಿ ಚಹಾ ಆದಾಗ ಎಬ್ಬಿಸುತ್ತಿದ್ದದ್ದೇ ಹಾಗೆ. ಅಪ್ಪ ಕಣ್ಣು ಬಿಟ್ಟರು. ಕೈ ಕೊಳವೆಯ ಕಡೆ ಹೋಗಲಿಲ್ಲ, ಅವ್ವನ ಮುಂಗೈ ಹುಡುಕಿತು. ಡಾಕ್ಟರಮ್ಮ ತಮ್ಮ ಬೆರಳು ಹಿಡಿಯಲು ಹೇಳಿದರು, ಅಪ್ಪ ಹಿಡಿದರು. ಮರುದಿನ ಕೊಳವೆ ತೆಗೆದರು. ನಾನು ವರಾಂಡದಲ್ಲಿ ಕೂತು ಅತ್ತುಬಿಟ್ಟೆ.

ಮೊನ್ನೆ ಡಾಕ್ಟರಮ್ಮ ತೀರಿಕೊಂಡ ಸುದ್ದಿ ಬಂತು. ಎದೆನೋವಂತೆ, ಆಸ್ಪತ್ರೆ ಮುಟ್ಟುವಷ್ಟೂ ಹೊತ್ತು ಸಿಗಲಿಲ್ಲವಂತೆ. ಮೂವರೂ ಗದ್ವಾಲಿಗೆ ಹೋದೆವು. ಅವರ ಮನೆ ನೋಡಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತಿದ್ದ ಅವರ ತಮ್ಮ, ಅಕ್ಕನಿಗೆ ನೀವು ಏನಾಗಬೇಕು ಎಂದು ಕೇಳಿದರು. ಅಪ್ಪ, ಕೊಳವೆ ತೆಗೆದ ದಿನದಿಂದ ಒಡೆದೇ ಉಳಿದ ದನಿಯಲ್ಲಿ, ಹೇಳಿದರು:

"ಅವ್ರು ಎಬ್ಬಿಸಿದ ಮನಷ್ಯಾ ನಾನ್ರಿ."