ಮಲಾಡ್ ಶಾಲೆಗೆ ಜೋಳ ಬಂದದ್ದು

ಮುಂಬೈಯ ಮಲಾಡ್‌ನ ಒಂದು ಮುನ್ಸಿಪಲ್ ಶಾಲೆಗೆ ನಮ್ಮ ಮಹಿಳಾ ಮಂಡಳಿ ಮಧ್ಯಾಹ್ನದ ಊಟ ಬೇಯಿಸಿ ಕಳಿಸುತ್ತದೆ. ಅಡುಗೆಯ ಹೊಣೆ ನನ್ನದು. ವಾರಕ್ಕೊಂದು ದಿನ ಅಕ್ಕಿಯ ಬದಲು ಸಿರಿಧಾನ್ಯ ಕೊಡಬೇಕೆಂದು ಸರಕಾರದ ಆದೇಶ ಬಂದಾಗ ನನಗೆ ಖುಷಿಯೇ ಆಯಿತು. ಅನ್ನ, ಬೇಳೆ, ಅಂಗಡಿಯ ಚಿಪ್ಸ್ ಇಷ್ಟರಲ್ಲೇ ಬೆಳೆಯುವ ಮಕ್ಕಳ ತಟ್ಟೆಗೆ ಬೇರೇನಾದರೂ ಬೀಳಲಿ ಎಂಬುದು ನನ್ನ ಹಳೆಯ ಹಟ.

ಮೊದಲ ವಾರ ಜೋಳದ ಗಂಜಿ ಮಾಡಿದೆವು. ಡಬ್ಬಿಗಳು ಹೋದಷ್ಟೇ ಭಾರವಾಗಿ ಹಿಂತಿರುಗಿದವು. ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿದರು: "ಮಕ್ಕಳು ಹಸಿದು ಕೂತಿದ್ದಾರೆ. ಅನ್ನವನ್ನೇ ಕಳಿಸಿಬಿಡಿ."

"ಇನ್ನೊಂದು ವಾರ ಕೊಡಿ" ಎಂದೆ.

ನನ್ನ ಜೊತೆ ಅಡುಗೆ ಮಾಡುವವಳು ಕಲಬುರಗಿ ಕಡೆಯ ಮುಸ್ಲಿಂ ಹೆಣ್ಣುಮಗಳು. ಪಾತ್ರೆ ತೊಳೆಯುತ್ತಾ ರೇಗಿದಳು: "ಅಕ್ಕಾ, ಜ್ವಾಳದ್ದೇನ್ ತಪ್ಪೈತಿ? ತಪ್ಪು ನಮ್ಮ ಗಂಜೀದು. ಆ ಹುಡುಗ್ರಿಗೆ ಏನ್ ಬೇಕಂತ ಕೇಳೀವೇನ್ ನಾವು?"

ಮರುದಿನ ಇಬ್ಬರೂ ಶಾಲೆಗೆ ಹೋಗಿ ಮಕ್ಕಳನ್ನೇ ಕೇಳಿದೆವು. ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು: "ಇಡ್ಲಿ!"

ಉಡುಪಿ ಕಡೆಯವಳಾದ ನನಗೆ ಇಡ್ಲಿ ಹೇಳಿಕೊಡಬೇಕೆ! ಆದರೆ ಜೋಳದ ರವೆ ನನ್ನ ಮಾತು ಕೇಳಲಿಲ್ಲ. ಮೊದಲ ಇಡ್ಲಿಗಳು ಕಲ್ಲಿನಂತಾದವು. ರವೆಯನ್ನು ಇನ್ನಷ್ಟು ಹೊತ್ತು ನೆನೆಹಾಕೋಣ ಎಂದಳು ಕಲಬುರಗಿಯ ಗೆಳತಿ. ಉದ್ದು ಹೆಚ್ಚಿಸಿ, ಒಂದು ಹಿಡಿ ಅವಲಕ್ಕಿ ಸೇರಿಸಿ ರುಬ್ಬಿದೆ ನಾನು. ಮುಂಬೈ ಸೆಕೆಯಲ್ಲಿ ಹಿಟ್ಟು ಬೇಗ ಉಬ್ಬಿತು. ಕಾಂದಿವಲಿಯಲ್ಲಿ ಹೋಟೆಲ್ ನಡೆಸುವ ನನ್ನ ಅಣ್ಣ ತನ್ನ ದೊಡ್ಡ ಸ್ಟೀಮರ್ ಕೊಟ್ಟ. ಸಾಂಬಾರಿಗೆ ವಸಯಿ ಕಡೆಯ ಹೊಲಗಳಿಂದ ಬರುವ ಹರಿವೆ, ನುಗ್ಗೆಸೊಪ್ಪು ಹಾಕಿದೆವು.

ಮುಂದಿನ ವಾರ ಸಿರಿಧಾನ್ಯದ ದಿನ ಬಡಿಸಲು ನಾವೇ ಹೋದೆವು. ಒಬ್ಬ ಹುಡುಗಿ ಇಡ್ಲಿಯನ್ನು ತಿರುಗಿಸಿ ನೋಡಿದಳು. "ಆಂಟಿ, ಯೆ ಕಾಲಾ ಕ್ಯೂಂ ಹೈ?" ಇದೇಕೆ ಕಪ್ಪಗಿದೆ ಎಂದು ಅವಳ ಪ್ರಶ್ನೆ.

"ಕಾಲಾ ನಹೀಂ, ಜ್ವಾರಿ ಕಾ ಹೈ. ಖಾ ಕೆ ದೇಖ್." ಕಪ್ಪಲ್ಲ, ಜೋಳದ್ದು, ತಿಂದು ನೋಡು ಎಂದಳು ನನ್ನ ಗೆಳತಿ.

ಹುಡುಗಿ ತಿಂದಳು. ಮತ್ತೊಂದಕ್ಕೆ ತಟ್ಟೆ ಚಾಚಿದಳು. ಅವಳ ಹಿಂದೆ ಸಾಲೇ ಎದ್ದುಬಂತು. ಮುಖ್ಯೋಪಾಧ್ಯಾಯಿನಿಯೂ ನಿಂತೇ ಒಂದು ಇಡ್ಲಿ ತಿಂದು, "ಇದನ್ನೇ ಮುಂದುವರಿಸಿ" ಎಂದರು.

ಈಗ ಸುತ್ತಲಿನ ಶಾಲೆಗಳ ಅಡುಗೆಯವರು ನಮ್ಮಲ್ಲಿಗೆ ಕಲಿಯಲು ಬರುತ್ತಾರೆ. ಆದೇಶ ಹೊರಡಿಸುವುದು ಸರಕಾರದ ಕೆಲಸ. ಅದನ್ನು ಮಕ್ಕಳ ಬಾಯಿಗೆ ರುಚಿಸುವಂತೆ ಮಾಡುವುದು ನಮ್ಮದು. ಅದು ನಮ್ಮಿಂದಾಗುತ್ತದೆ. ಸೊಪ್ಪನ್ನು ಮಾತ್ರ ಕೆಲವರು ಇನ್ನೂ ಆರಿಸಿ ತಟ್ಟೆಯಂಚಿಗೆ ಇಡುತ್ತಾರೆ. ಸದ್ಯಕ್ಕೆ ಅದನ್ನು ನುಣ್ಣಗೆ ರುಬ್ಬಿ ಹಾಕುತ್ತಿದ್ದೇನೆ.