ಬಾವಿ ಮುಚ್ಚಿದ ಮೂಲೆಗೆ ಒಂದು ಹ್ಞೂಂ

ಗವಿಪುರದ ನಮ್ಮ ಹಳೆಯ ಮನೆ ಕೆಡವಿ ಪಾಯ ತೋಡಿದಾಗ, ಅಡುಗೆಮನೆಯ ಮೂಲೆಯಲ್ಲಿ ಮಣ್ಣಿಗಿಂತ ಹೆಚ್ಚಾಗಿ ಹೆಂಚಿನ ಚೂರು, ಬೂದಿ, ಕೆಸರು ಸಿಕ್ಕಿತು. ಯಾವ ಕಾಲದಲ್ಲೋ ಅಲ್ಲಿದ್ದ ಬಾವಿಯನ್ನು ಕಸ ಸುರಿದು ಮುಚ್ಚಿದ್ದರಂತೆ. ಹಳೆಯ ಗೋಡೆ ಅಲ್ಲೇ ಏಕೆ ಬಿರಿಯುತ್ತಿತ್ತು ಎಂಬುದು ಅಪ್ಪನಿಗೆ ಆ ದಿನ ತಿಳಿಯಿತು. ಹೊಸದೂ ಬಿರಿದರೆ ಎಂಬ ದಿಗಿಲು ಅಂದೇ ಹತ್ತಿಕೊಂಡಿತು.

ಇಂಜಿನಿಯರ್ ಮೂಗಿನಲ್ಲಿ ಮಾತಾಡುವವರು. "ಮೆತ್ತನೆ ಮಣ್ಣೆಲ್ಲ ತೆಗೀರಿ. ಗರಸು ಮಣ್ಣು ತುಂಬಿ. ಅರ್ಧ ಅಡಿಗೊಂದು ಪದರ, ನೀರು ಚಿಮುಕಿಸಿ ದಮ್ಮಸು ಹೊಡೆದು ಗಟ್ಟಿ ಮಾಡಿ. ನಾನು ಹ್ಞೂಂ ಅಂದ್ಮೇಲೇ ಮುಂದಿನ ಪದರ!"

ಎಲ್ಲರ ದನಿ ಅಣಕಿಸುವ ನನಗೆ ಅವರ ಆ ಹ್ಞೂಂ ಕಲಿಯಲು ಎರಡು ದಿನ ಸಾಕಾಯಿತು. ಓದಿನಲ್ಲಿ ಇಷ್ಟು ಚುರುಕಿದ್ದಿದ್ದರೆ ನಾನೇ ಇಂಜಿನಿಯರ್ ಆಗಿರುತ್ತಿದ್ದೆ.

ಆ ಬೆಳಿಗ್ಗೆ ಎರಡನೆಯ ಪದರದ ಮೇಲೆ ದಮ್ಮಸಿನ ಯಂತ್ರ ಒಂದೇ ಸುತ್ತು ಕುಟ್ಟಿ ನಿಂತಿತ್ತು. ನಾಲ್ಕು ಸುತ್ತಾಗದೆ ಒಪ್ಪದ ಇಂಜಿನಿಯರ್ ಗೇಟಿನಾಚೆ ಫೋನಿನಲ್ಲಿದ್ದರು. ಎಲ್ಲರೂ ನಗಲಿ ಎಂದು ತಗಡಿನ ಮರೆಯಿಂದ ಅವರ ದನಿಯಲ್ಲೇ "ಹ್ಞೂಂ" ಅಂದೆ; ಕಾಫಿಗೆ ಹೋದೆ. ಬಂದು ನೋಡಿದರೆ ಮೇಸ್ತ್ರಿ ಖುಷಿಯಿಂದ ಮೂರನೆಯ ಪದರ ಹರವಿಬಿಟ್ಟಿದ್ದರು.

ಮೇಲಿನಿಂದ ಕುಟ್ಟಿದರೆ ಕೆಳಗಿನದೂ ಕೂರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಇಂಜಿನಿಯರ್ ದನಿಯಲ್ಲಿ ಹೇಳಿಕೊಂಡರೂ ನಂಬಿಕೆ ಬರಲಿಲ್ಲ. ಗೇಟಿನಿಂದ ಪಾಯಕ್ಕೆ, ಪಾಯದಿಂದ ಗೇಟಿಗೆ ಓಡಾಡಿದೆ.

"ಅದೇನೋ, ಕಾಲಿಗೆ ಇರುವೆ ಹತ್ತಿದೆಯಾ?" ಅಂದರು ಅಪ್ಪ.

"ಇಲ್ಲಪ್ಪ, ಸುಮ್ನೆ."

ಇಂಜಿನಿಯರ್ ಬಂದು, ಕುಟ್ಟಿದ ಮೂರನೆಯ ಪದರವನ್ನಷ್ಟೇ ನೋಡಿ ನಿಜವಾದ ಹ್ಞೂಂ ಅಂದು ಹೊರಟರು. ನಾಲ್ಕನೆಯ ಪದರಕ್ಕೆ ಬಾಂಡ್ಲಿಗಳಲ್ಲಿ ಗರಸು ತುಂಬತೊಡಗಿದಾಗ ತಡೆಯಲಾಗಲಿಲ್ಲ. "ಮೇಸ್ತ್ರಿ, ನಿಲ್ಸಿ! ಆಗ ಹ್ಞೂಂ ಅಂದಿದ್ದು ಸಾರ್ ಅಲ್ಲ, ನಾನು."

ಮೇಸ್ತ್ರಿ ಹಲ್ಲು ಕಿರಿದರು. "ಸಕತ್ತಾಗ್ ಮಾಡ್ತೀರ ಬಿಡಿ. ಇದ್ಯಾರ ವಾಯ್ಸು? ಗೊತ್ತಾಗ್ಲಿಲ್ಲ."

"ನಂದೇ!"

"ಹೋಗಿ ಸ್ವಾಮಿ. ನಿಮ್ದು ಹಿಂಗೆ ನಡುಗಲ್ಲ."

ಕೆಲಸದವರೆಲ್ಲ ನಕ್ಕರು. ಅಪ್ಪ ನಗಲಿಲ್ಲ, ನನ್ನ ಮುಖವನ್ನೇ ನೋಡಿದರು. "ಅವನದೇ ಮೇಸ್ತ್ರಿ. ಚಿಕ್ಕೋನಿದ್ದಾಗ ಪೆಟ್ಟು ತಿನ್ನೋಕ್ ಮುಂಚೆ ಹಿಂಗೇ ಮಾತಾಡ್ತಿದ್ದ. ತೆಗೀರಿ."

"ಅಷ್ಟೂನಾ ಸಾರ್?"

"ಅಷ್ಟೂ."

ಮೊದಲು ಇಳಿದವನು ನಾನೇ. ಮೇಲಿನ ಗರಸು ಎಳೆದು ಹಾಕಿ ಕೆಳಗಿನ ಪದರಕ್ಕೆ ಗುದ್ದಲಿ ಇಟ್ಟರೆ, ಅವಲಕ್ಕಿಯಲ್ಲಿ ಚಮಚ ಇಳಿದಂತೆ ಇಳಿಯಿತು. ಮೇಸ್ತ್ರಿಯ ನಗು ಅಲ್ಲಿಗೆ ನಿಂತಿತು. ಅಪ್ಪ ಪಂಚೆ ಎತ್ತಿಕಟ್ಟಿ ತಾವೂ ಗುಂಡಿಗೆ ಇಳಿದು, ಖಾಲಿ ಬಾಂಡ್ಲಿಯನ್ನು ನನ್ನ ಮುಂದೆ ಹಿಡಿದರು.