ಮನ್ಮಥಪ್ಪನ ಹಾಜರಿ ಪುಸ್ತಕ

ನಮ್ಮ ಕಾಲೇಜಿನ ಹೆಸರು ಹೇಳುವುದಿಲ್ಲ. ನನಗೂ ಹೊಟ್ಟೆಯಿದೆ. ಭಾಲ್ಕಿಯಲ್ಲಿರುವ ಒಂದು ಖಾಸಗಿ ಪಿಯು ಕಾಲೇಜು, ನಾನು ಅಲ್ಲಿ ಜೀವಶಾಸ್ತ್ರ ಕಲಿಸುವವನು, ದ್ವಿತೀಯ ಪಿಯುಸಿ ವಿಜ್ಞಾನದ ಕ್ಲಾಸ್ ಟೀಚರು. ಇಷ್ಟು ಸಾಕು. ಹೇಳಹೊರಟಿದ್ದು ನನ್ನ ಕತೆಯಲ್ಲ, ನಮ್ಮ ಕ್ಲರ್ಕ್ ಮನ್ಮಥಪ್ಪನ ಕತೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಒಬ್ಬ ವಿದ್ಯಾರ್ಥಿಗೂ ಹಾಜರಿ ಕಡಿಮೆಯಾಗಿ ಪರೀಕ್ಷೆ ತಪ್ಪದಂತೆ ನೋಡಿಕೊಂಡ ಮಹಾನುಭಾವ ಅವನು.

ನೂರು ದಿನ ಕಾಲೇಜು ನಡೆದರೆ ಎಪ್ಪತ್ತೈದು ದಿನವಾದರೂ ಕ್ಲಾಸಿನಲ್ಲಿ ಕೂತವರಿಗೆ ಮಾತ್ರ ಪರೀಕ್ಷೆ ಎಂದು ಸರಕಾರದ ನಿಯಮ. ಒಳ್ಳೆಯ ನಿಯಮ. ಪ್ರಿನ್ಸಿಪಾಲ್ ವೀರಭದ್ರ ಸರ್ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಗೇಟಿನ ಪಕ್ಕ ತೂಗುಹಾಕಿದ್ದಾರೆ. ಒಂದೇ ಅಡಚಣೆ ಎಂದರೆ ನಮ್ಮ ಕ್ಲಾಸಿನಲ್ಲಿ ಕೂರುವವರೇ ಇಲ್ಲ. ಪಟ್ಟಿಯಲ್ಲಿ ಅರವತ್ತನಾಲ್ಕು ಹೆಸರಿವೆ. ಜೂನ್ ತಿಂಗಳಲ್ಲಿ ಬಂದು ಫಾರ್ಮಿಗೆ ಸಹಿ ಹಾಕಿ, ಗುರುತಿನ ಚೀಟಿಗೆ ಫೋಟೋ ಕೊಟ್ಟು, ನೀಟ್ ಕೋಚಿಂಗ್ ಎಂದು ಕೆಲವರು ಲಾತೂರಿಗೆ, ಕೆಲವರು ಹೈದರಾಬಾದಿಗೆ, ಅಷ್ಟು ದೂರ ಬೇಡವೆನ್ನುವವರು ಬೀದರಿಗೆ ಹೋಗುತ್ತಾರೆ. ಮತ್ತೆ ಮುಖ ತೋರಿಸುವುದು ಪ್ರಾಕ್ಟಿಕಲ್ ಪರೀಕ್ಷೆಗೆ, ಬೀಳ್ಕೊಡುಗೆಯ ಊಟಕ್ಕೆ. ಫಲಿತಾಂಶ ಬಂದಾಗ ಅವರ ಫೋಟೋ ನಮ್ಮ ಫ್ಲೆಕ್ಸಿನ ಮೇಲೆ ಬರುತ್ತದೆ, ಕೆಳಗೆ "ನಮ್ಮ ಉಪನ್ಯಾಸಕರ ಪರಿಶ್ರಮದ ಫಲ" ಎಂದು ಬರೆದಿರುತ್ತದೆ. ಆ ಪರಿಶ್ರಮದ ಉಪನ್ಯಾಸಕ ನಾನೇ. ಅವರಲ್ಲಿ ಅರ್ಧದಷ್ಟು ಮಕ್ಕಳ ಮುಖವೇ ನನಗೆ ಗೊತ್ತಿಲ್ಲ.

ಇವರೆಲ್ಲರನ್ನು ಪ್ರತಿದಿನ ಭಾಲ್ಕಿಗೆ ಕರೆತರುವ ಕೆಲಸ ಮನ್ಮಥಪ್ಪನದು. ತಿಂಗಳ ಕೊನೆಯ ಶನಿವಾರ ಊಟ ಮುಗಿಸಿ, ಒಂದು ಎಲೆಅಡಿಕೆ ಹಾಕಿಕೊಂಡು, ಮೂರು ಪೆನ್ನು ಮುಂದಿಟ್ಟುಕೊಂಡು ಕೂರುತ್ತಿದ್ದ. ಸಂಜೆಯೊಳಗೆ ಅರವತ್ತು ಚಿಲ್ಲರೆ ಮಕ್ಕಳ ಇಡೀ ತಿಂಗಳು ಮುಗಿದಿರುತ್ತಿತ್ತು. ಸುಮ್ಮನೆ ಗೀಚುವ ಮನುಷ್ಯನಲ್ಲ ಅವನು, ಅದರಲ್ಲೂ ಅವನಿಗೊಂದು ಶಿಸ್ತಿತ್ತು.

"ಎಲ್ಲಾರಿಗೂ ಪೂರಾ ಹಾಜರಿ ಹಾಕಿದ್ರ ಯಾರೂ ನಂಬಂಗಿಲ್ಲ್ರಿ ಸರ್," ಅನ್ನುತ್ತಿದ್ದ. "ನಡುನಡುವ ಜ್ವರ ಬರಬೇಕು, ಅಕ್ಕನ ಮದುವಿ ಆಗಬೇಕು. ಆಗ ಖರೇ ಅನಸ್ತದ."

ಹೀಗಾಗಿ ಲಾತೂರಿನಲ್ಲಿ ಗುಂಡುಕಲ್ಲಿನಂತೆ ಕೂತ ಒಬ್ಬ ಹುಡುಗನಿಗೆ ಭಾಲ್ಕಿಯಲ್ಲಿ ಒಂದೇ ವರ್ಷ ಎರಡು ಸಲ ಜ್ವರ ಬಂತು, ಮೂವರು ಅಕ್ಕಂದಿರ ಮದುವೆಯಾಯಿತು. ಅವನು ತಂದೆತಾಯಿಗೆ ಒಬ್ಬನೇ ಮಗ.

ಮನ್ಮಥಪ್ಪ ಕೆಟ್ಟವನೆಂದು ತಿಳಿಯಬೇಡಿ. ಅವನು ಔರಾದ ಕಡೆಯವನು. ಅವನೂ ಒಂದು ಕಾಲಕ್ಕೆ ಪಿಯುಸಿ ಓದುತ್ತಿದ್ದ. ಬಿತ್ತನೆಗೆಂದು ಮನೆಯಲ್ಲಿ ನಿಲ್ಲಿಸಿಕೊಂಡರು, ಹಾಜರಿ ಕಡಿಮೆಯಾಯಿತು, ಪರೀಕ್ಷೆಗೆ ಕೂರಿಸಲಿಲ್ಲ. ಮುಂದಿನ ವರ್ಷ ಬಾ ಅಂದರು. ಮುಂದಿನ ವರ್ಷ ಅವನು ನಮ್ಮ ಕಾಲೇಜಿನಲ್ಲಿ ಗಂಟೆ ಹೊಡೆಯುವ ಕೆಲಸಕ್ಕೆ ಸೇರಿದ್ದ, ಆಮೇಲೆ ಕ್ಲರ್ಕ್ ಆದ. "ನನ್ನ ಕೈಲಿಂದ ಯಾರ ವರ್ಷಾನೂ ಹಾಳಾಗಬಾರದು ನೋಡ್ರಿ," ಎಂದು ಒಮ್ಮೆ ನನಗೆ ಹೇಳಿದ್ದ. ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ನಾನು ಒಳಗೊಳಗೇ ನಕ್ಕಿದ್ದೆ, ಕಳ್ಳಲೆಕ್ಕಕ್ಕೂ ಒಂದು ಕಣ್ಣೀರಿನ ಕತೆ ಬೇಕೇ ಎಂದು.

ಯಾಕೆಂದರೆ ನಾನು ಪ್ರಾಮಾಣಿಕ. ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗುವಷ್ಟು ಪ್ರಾಮಾಣಿಕ.

ಆ ವರ್ಷ ಅರವತ್ತನಾಲ್ಕರಲ್ಲಿ ಒಬ್ಬಳು ಮಾತ್ರ ಕಾಲೇಜಿಗೆ ಬರುತ್ತಿದ್ದಳು. ಮೆಹಕರದ ಸೋನಾಲಿ. ಅಪ್ಪ ಸಂಜುಕುಮಾರ ಕುರಿ ಕಾಯುವವನು, ಒಂದಿಷ್ಟು ಒಣಭೂಮಿ. ಮಗಳು ನರ್ಸಿಂಗ್ ಓದಬೇಕು ಎಂಬುದೊಂದೇ ಅವರ ಮನೆಯ ಆಸೆ, ಅದಕ್ಕೆ ಪಿಯುಸಿ ಪಾಸಾಗಬೇಕು. ದೊಡ್ಡ ಕೋಣೆಯಲ್ಲಿ ಮುಂದಿನ ಬೆಂಚಿನಲ್ಲಿ ಒಬ್ಬಳೇ ಕೂರುತ್ತಿದ್ದಳು. ನಾನು ಮೊದಲ ಪಿರಿಯಡ್ಡಿನಲ್ಲಿ ಗತ್ತಿನಿಂದ ನಂಬರ್ ನಲವತ್ತೊಂದು ಎಂದು ಕೂಗುತ್ತಿದ್ದೆ, ಅವಳು ಎದ್ದು ನಿಂತು "ಎಸ್ ಸರ್" ಅನ್ನುತ್ತಿದ್ದಳು. ಆ ಮೊದಲ ಪಿರಿಯಡ್ಡಿನ ಹಾಜರಿಯೇ ದಿನದ ಹಾಜರಿ.

ಮನ್ಮಥಪ್ಪನಿಗೆ ಜೂನಿನಲ್ಲೇ ತಾಕೀತು ಮಾಡಿದ್ದೆ. "ನಲವತ್ತೊಂದನೇ ಸಾಲು ನೀವು ಮುಟ್ಟಬ್ಯಾಡ್ರಿ. ಉಳಿದವ್ರದು ಏನರೆ ಬರ್ಕೋರಿ. ಬರೋ ಹುಡುಗಿದು ನಾನೇ ಖರೇ ಬರಿತೇನಿ."

"ಆಯ್ತ್ರಿ ಸರ್," ಎಂದ. ಮುಟ್ಟಲಿಲ್ಲ.

ಬಸ್ಸು ಬಾರದ ದಿನ, ಕುರಿ ಮರಿ ಹಾಕಿದ ದಿನ, ಅವ್ವನನ್ನು ಬೀದರಿನ ಆಸ್ಪತ್ರೆಗೆ ಸೇರಿಸಿದ ದಿನಗಳು, ಎಲ್ಲಕ್ಕೂ ನಾನು ನಿಷ್ಠೆಯಿಂದ ಗೈರು ಹಾಕಿದೆ. ಒಂದೂ ಬಿಡಲಿಲ್ಲ.

ಜನವರಿ ಕೊನೆಗೆ ಕಂಪ್ಯೂಟರ್ ಹಾಜರಿಯನ್ನೆಲ್ಲ ಕೂಡಿಸಿ ಪಟ್ಟಿ ಕೊಟ್ಟಿತು. ಅರವತ್ಮೂರು ಮಕ್ಕಳು, ವರ್ಷವಿಡೀ ಭಾಲ್ಕಿಯ ಧೂಳನ್ನೇ ಮುಟ್ಟದವರು, ಎಂಬತ್ತೆಂಟು, ತೊಂಬತ್ತು, ತೊಂಬತ್ಮೂರು. ಹಾಜರಿ ಸಾಲದೆ ಪರೀಕ್ಷೆಗೆ ಅನರ್ಹರಾದವರ ಪಟ್ಟಿಯಲ್ಲಿ ಒಂದೇ ಹೆಸರು. ಸೋನಾಲಿ, ಅರವತ್ತೈದೂವರೆ. ಇಡೀ ಕ್ಲಾಸಿನಲ್ಲಿ ಕಾಲೇಜಿಗೆ ಬಂದವಳೊಬ್ಬಳೇ ಕಾಲೇಜಿಗೆ ಬರದವಳಾಗಿದ್ದಳು.

ಮರುದಿನ ಸಂಜುಕುಮಾರ ಮಗಳನ್ನು ಕರೆದುಕೊಂಡು ಬಂದ. ಹೆಗಲ ಕಂಬಳಿ ತೆಗೆದು ಪ್ರಿನ್ಸಿಪಾಲರ ಕೋಣೆಯ ಬಾಗಿಲ ಹೊರಗಿಟ್ಟು ಒಳಗೆ ಹೋಗಿ ಕೈಮುಗಿದ. ಪ್ರಿನ್ಸಿಪಾಲರು ನನ್ನನ್ನೂ ಮನ್ಮಥಪ್ಪನನ್ನೂ ಕರೆಸಿದರು.

"ಸಾಹೇಬ್ರ, ಹುಡುಗಿಗಿ ಪರೀಕ್ಷಾಕ್ಕ ಕೂಡಸಂಗಿಲ್ಲಂತ್ರಿ? ಆಕಿ ತಪ್ಪೇನ್ರಿ?"

ವೀರಭದ್ರ ಸರ್ ಕನ್ನಡಕ ಸರಿಮಾಡಿಕೊಂಡರು. "ನೋಡ್ರಿ, ನಿಯಮ ಅಂದ್ರ ನಿಯಮ. ಶೈಕ್ಷಣಿಕ ಗುಣಮಟ್ಟ ಅಂತ ಒಂದು ಇರ್ತದ. ಸಾಲಿಗಿ ಬರಲಾರದೆ ಪಾಸಾಗ್ತೇನಿ ಅಂದ್ರ ದೇಶ ಹ್ಯಾಂಗ ಉದ್ಧಾರ ಆಗ್ತದ?"

"ಹೌದ್ರಿ," ಎಂದ ಸಂಜುಕುಮಾರ. ದೇಶದ ಬಗ್ಗೆ ಅವನಿಗೇನೂ ತಕರಾರಿರಲಿಲ್ಲ. ಆಮೇಲೆ ಕೇಳಿದ, "ಉಳಿದ ಹುಡುಗ್ರು ಎಲ್ಲಿ ಅದಾರ್ರಿ? ಬರೋ ಮುಂದ ಕ್ಲಾಸ್ ನೋಡ್ದೆ, ಯಾರೂ ಇದ್ದಿಲ್ಲ."

"ಅವರ ಹಾಜರಿ ಭರ್ತಿ ಅದ," ಎಂದರು ಪ್ರಿನ್ಸಿಪಾಲರು.

ಆಗ ಮನ್ಮಥಪ್ಪ ಮೆಲ್ಲಗೆ, "ಸರ್, ಒಂದು ಡಾಕ್ಟರ್ ಸರ್ಟಿಫಿಕೇಟ್ ತರಸಿದ್ರ ಆಗ್ತದಲ್ರಿ? ಕಾಮಾಲಿ ಆಗಿತ್ತಂತ ಬರಸೋಣ," ಎಂದ.

"ಬ್ಯಾಡ," ಎಂದರು ವೀರಭದ್ರ ಸರ್. "ಈ ವರ್ಷಾನೂ ಒಬ್ಬರೂ ಕಡಿಮಿ ಇಲ್ಲಂದ್ರ ಬೀದರಿನ ಮೀಟಿಂಗ್ನಾಗ ನನಗ ಅನುಮಾನ ಮಾಡ್ತಾರ. ಒಂದು ಹೆಸರು ಇರಲಿ. ಕಾಲೇಜಿಗೂ ಮರ್ಯಾದಿ."

ಅಂದರೆ ಕಾಲೇಜಿನ ಮರ್ಯಾದೆಗೆ ಒಂದು ಹುಡುಗಿ ಬೇಕಾಗಿತ್ತು. ನನಗೆ ಸಿಟ್ಟು ಬಂತು, ಆದರೆ ಸಿಟ್ಟು ಬಂದದ್ದನ್ನು ಯಾರಿಗೂ ತೋರಿಸಲಿಲ್ಲ.

ಸೋನಾಲಿ ಅಪ್ಪನ ಹಿಂದಿನಿಂದ ಮುಂದೆ ಬಂದಳು. "ನನಗ ಕಾಮಾಲಿ ಏನೂ ಆಗಿಲ್ಲ್ರಿ," ಎಂದಳು. "ಬರಲಾರದ ದಿನ ಬಂದೇನಿ ಅಂತ ಬರೀಬ್ಯಾಡ್ರಿ. ಆದ್ರ ಬಂದ ದಿನ ಬರೀರಿ. ನಾ ಶುಕ್ರವಾರನೂ ಬಂದೇನಿ."

"ಶುಕ್ರವಾರ?" ಎಂದರು ಪ್ರಿನ್ಸಿಪಾಲರು.

ಮನ್ಮಥಪ್ಪ ಹೋಗಿ ಹಾಜರಿ ಪುಸ್ತಕ ತಂದು ತೆರೆದ. ಅವನೂ ನಲವತ್ತೊಂದನೇ ಸಾಲನ್ನು ಅಂದೇ ಮೊದಲ ಸಲ ಸರಿಯಾಗಿ ನೋಡುತ್ತಿದ್ದ, ನಾನೇ ಮುಟ್ಟಬೇಡ ಎಂದಿದ್ದೆನಲ್ಲ. ಇನ್ನೂರು ದಿನದಲ್ಲಿ ನೂರಾಮೂವತ್ತೊಂದು ಹಾಜರಿ, ಮೂವತ್ತೆಂಟು ಗೈರು. ಉಳಿದ ಮೂವತ್ತೊಂದು ದಿನದ ಮನೆಗಳು ಖಾಲಿ. ಎಲ್ಲ ಶುಕ್ರವಾರಗಳು. ಖಾಲಿ ಬಿಟ್ಟದ್ದನ್ನೆಲ್ಲ ಕಂಪ್ಯೂಟರ್ ಗೈರಿಗೆ ಸೇರಿಸಿತ್ತು.

ಶುಕ್ರವಾರ ನಾನು ಎಲ್ಲಿರುತ್ತಿದ್ದೆ ಎಂದು ನಿಮಗೆ ಇನ್ನೂ ಹೇಳಿಲ್ಲ. ಬೀದರಿನ ಒಂದು ಕೋಚಿಂಗ್ ಸೆಂಟರಿನಲ್ಲಿ ಪಾಠ ಮಾಡುತ್ತಿದ್ದೆ. ಕಣ್ಣಾರೆ ಕಾಣದ್ದನ್ನು ಬರೆಯದ ಪ್ರಾಮಾಣಿಕನಾದ್ದರಿಂದ ಆ ದಿನ ಅವಳ ಸಾಲನ್ನು ಖಾಲಿ ಬಿಡುತ್ತಿದ್ದೆ. ನಮ್ಮ ಕ್ಲಾಸಿನ ಹನ್ನೊಂದು ಮಕ್ಕಳು ಅಲ್ಲೇ ನನ್ನೆದುರು ಕೂರುತ್ತಿದ್ದರು. ಗುರು ಶಿಷ್ಯರು ಕೂಡಿಯೇ ಭಾಲ್ಕಿಗೆ ಗೈರು.

"ಪ್ರತಿ ಶುಕ್ರವಾರ ನನ್ನ ಕಡಿಂದ ಕ್ಲಾಸಿನ ಕೀಲಿ ಇಸ್ಕೊಂಡು ಹೋಗ್ತಿದ್ಳ್ರಿ," ಎಂದ ಮನ್ಮಥಪ್ಪ. "ಒಬ್ಬಾಕಿನೇ ಕುಂತು ಓದಿ ಸಂಜಿಗಿ ಕೀಲಿ ಕೊಟ್ಟು ಹೋಗ್ತಿದ್ಳು."

"ನಿನ್ನ ಬಾಯಿಮಾತು ಯಾರು ಕೇಳ್ತಾರೋ? ಪುರಾವೆ ಏನದ?"

ಮನ್ಮಥಪ್ಪ ಮತ್ತೆ ಹೊರಗೆ ಹೋಗಿ ಈ ಸಲ ನಮ್ಮ, ಅಂದರೆ ಉಪನ್ಯಾಸಕರ, ಹಾಜರಿ ಪುಸ್ತಕ ತಂದ. ಮೂವತ್ತೊಂದು ಶುಕ್ರವಾರಗಳಲ್ಲೂ ನನ್ನ ಚಂದದ ಸಹಿ ಇತ್ತು. ಶನಿವಾರ ಬಂದು ಹಾಕುತ್ತಿದ್ದೆ. ಪ್ರತಿ ಪುಟದ ಕೆಳಗೆ ವೀರಭದ್ರ ಸರ್ ಸಹಿ, ಸೀಲು.

"ಈ ಸರ್ ಶುಕ್ರವಾರ ಬಂದಾರ," ಎಂದ ಮನ್ಮಥಪ್ಪ, ಯಾರ ಮುಖವನ್ನೂ ನೋಡದೆ. "ನೀವೇ ಸಹಿ ಮಾಡೀರಿ. ಸರ್ ಬಂದ ಮ್ಯಾಗ ಹಾಜರಿ ತಗೊಂಡೇ ತಗೊಂಡಿರ್ತಾರ. ಹುಡುಗಿ ಎಸ್ ಸರ್ ಅಂದೇ ಅಂದಿರ್ತಾಳ. ಬರಿಯೋದು ಅಷ್ಟೇ ಮರ್ತದ. ಸರ್ ಬಂದಿಲ್ಲ ಅಂತೀರೋ, ಅದನ್ನೂ ಈಗೇ ಬರಿತೇನ್ರಿ. ಹಂಗಾದ್ರ ಉಳಿದ ಅರವತ್ಮೂರು ಮಂದಿದೂ ಖರೇನೇ ಬರಿತೇನಿ. ಪೆನ್ನು ತಂದೇನಿ."

ಅವನು ನಿಜ ಬರೆಯುತ್ತೇನೆ ಎಂದದ್ದಕ್ಕೆ ನಮ್ಮ ಪ್ರಿನ್ಸಿಪಾಲರು ಬೆವತದ್ದನ್ನು ನಾನು ಕಣ್ಣಾರೆ ಕಂಡೆ. ನಾನೂ ಬೆವತಿದ್ದೆ.

"ಬರೀರಿ ಸರ್," ಎಂದರು ನನಗೆ. "ಮನುಷ್ಯ ಅಂದ ಮ್ಯಾಲ ಮರವು ಇರ್ತದ."

ನಾನು ಕೂತು ಮೂವತ್ತೊಂದು ಮನೆ ತುಂಬಿದೆ. ಒಂದೊಂದು ಶುಕ್ರವಾರವೂ ಅವಳು ಬೀಗ ತೆಗೆದು, ಖಾಲಿ ಕುರ್ಚಿಯ ಎದುರು ಕೂತು, ಪುಸ್ತಕ ತೆರೆದು, ಬಾಗಿಲ ಕಡೆ ನೋಡಿರಬೇಕು. ಯಾರೂ ನಂಬರ್ ಕೂಗಿಲ್ಲ. ನನಗೆ ನಾಚಿಕೆಯಾಯಿತು. ನಲವತ್ತಾರು ವರ್ಷದ ಮನುಷ್ಯನಿಗೆ ಆಗಬೇಕಾದಷ್ಟು ನಾಚಿಕೆ ಆಯಿತು. ಲೆಕ್ಕ ಎಂಬತ್ತೊಂದಕ್ಕೆ ಹೋಗಿ ನಿಂತಿತು. ಮನ್ಮಥಪ್ಪ ಅನರ್ಹರ ಪಟ್ಟಿಯನ್ನು ಹರಿದು ಬುಟ್ಟಿಗೆ ಹಾಕಿದ.

ಸಂಜುಕುಮಾರ ನನ್ನ ಕಾಲಿಗೆ ಬಗ್ಗಿದ. "ಬ್ಯಾಡ್ರಿ, ಬ್ಯಾಡ್ರಿ," ಎಂದು ಹಿಂದೆ ಸರಿದೆ. "ನಿಮ್ಮಿಂದ ನನ್ನ ಮಗಳ ವರ್ಷ ಉಳೀತ್ರಿ ಸರ್," ಎಂದ ಆ ಪುಣ್ಯಾತ್ಮ. ಮನ್ಮಥಪ್ಪ ಪುಸ್ತಕ ಎತ್ತಿಕೊಂಡು ಹೊರಟುಹೋದ.

ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗೆ ನಿಂತ. ಸೋನಾಲಿ ಬಾಗಿಲ ತನಕ ಹೋದವಳು ತಿರುಗಿ ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ಸರ್, ನಾಳಿ ಶುಕ್ರವಾರ," ಎಂದಳು. "ಇನ್ನಾ ಎರಡು ಪಾಠ ಉಳಿದಾವ್ರಿ. ನೀವು ಬರ್ತೀರೇನ್ರಿ?"